ಸ್ಟೋರಿವೀವರ್: ಎಳೆಯ ಮಕ್ಕಳ ಕನ್ನಡ ಓದಿಗೊಂದು ಜಾಲತಾಣ

ಬೆಂಗಳೂರಿನ ಲಾಭರಹಿತ ಪ್ರಕಾಶನ ಸಂಸ್ಥೆಯಾದ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣವನ್ನು ನಮ್ಮ ಬಡಾವಣೆಯ ಕನ್ನಡ ಮಾಧ್ಯಮ ಶಾಲೆಯ ಒಂದು ಮತ್ತು ಎರಡನೇ ತರಗತಿಯ ಮಕ್ಕಳೊಂದಿಗೆ ಬಳಸಿ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದ್ದು, ಮೊದಲ ಹಂತದಲ್ಲಿ ಸುಲಭ ಪದಗಳೂ ಪುನರಾವರ್ತನೆಯೂ ಹೆಚ್ಚಾಗಿರುವುದರಿಂದ, ಒತ್ತಕ್ಷರ ಕಂಡೊಡನೆ ತಡವರಿಸುವ ಮಗುವೂ ಪುಟ ಮುಗಿಸುವ ಧೈರ್ಯ ತಾಳುತ್ತದೆ. ಧ್ವನಿ ಅಳವಡಿಸಿರುವ ಕಥೆಗಳಲ್ಲಿ, ಓದಲಾಗುತ್ತಿರುವ ಪದವು ಅದೇ ಕ್ಷಣದಲ್ಲಿ ಪರದೆಯ ಮೇಲೆ ಎದ್ದು ಕಾಣುವುದು ನನಗೆ ಅತ್ಯಂತ ಉಪಯುಕ್ತವೆನಿಸಿತು. ಕಿವಿಗೆ ಬಿದ್ದದ್ದು ಕಣ್ಣಿಗೂ ಸಿಗುತ್ತದೆ. ಕೃತಿಯನ್ನು ಇತರರೂ ಬಳಸಲು, ಹಂಚಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕಥೆಗಳು ಉಚಿತವಾಗಿ ದೊರೆಯುವುದರಿಂದ ಪಿಡಿಎಫ್ ಇಳಿಸಿಕೊಂಡು ಮುದ್ರಿಸಬಹುದು. ಶಿಕ್ಷಕಿಯ ಬಳಿಯಿರುವ ಒಂದೇ ಫೋನಿನಿಂದ ನಡೆಯುವ ತರಗತಿಗೆ ಇದು ಸಣ್ಣ ಮಾತಲ್ಲ. ಯಾರು ಬೇಕಾದರೂ ಅನುವಾದಿಸಬಹುದಾದ ಮುಕ್ತ ವೇದಿಕೆಯಾದ್ದರಿಂದ, ಭಾಷೆ ಎಲ್ಲೆಡೆ ಒಂದೇ ಹದದಲ್ಲಿರಬೇಕೆಂದು ನಿರೀಕ್ಷಿಸದೆ, ಶಿಕ್ಷಕರು ಮೊದಲು ತಾವೇ ಓದಿ ಆರಿಸುವುದು ಒಳ್ಳೆಯದು. ಅಕ್ಷರ ತಿದ್ದಿಸುವುದು ಇದರ ಕೆಲಸವಲ್ಲ. ಅದಕ್ಕೆ ಸ್ಲೇಟು ಇದ್ದೇ ಇದೆ. ದೊಡ್ಡ ಪರದೆಯಿದ್ದರೆ ಇಡೀ ತರಗತಿಗೆ ಒಟ್ಟಾಗಿ ಓದಿಸಬಹುದು, ಇಲ್ಲದಿದ್ದರೆ ನಾಲ್ಕೈದು ಮಕ್ಕಳ ಗುಂಪಿಗೆ ಫೋನೇ ಸಾಕು.