ಆರು ವರ್ಷದ ಕಾರು, ಒಳಗಿನಿಂದ ಕಟ್ಟುವ ಮಂಜು

ಈ ಕಾರು ನಮ್ಮ ಮನೆಗೆ ಬಂದಿದ್ದು 2018ರ ಏಪ್ರಿಲ್‌ನಲ್ಲಿ, ಹೊಸದಾಗಿ. ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಆರೂವರೆ ವರ್ಷದಲ್ಲಿ 71,000 ಮೈಲಿ ಓಡಿದೆ. ಐದು ಜನ ಕೂರುವ ಸಣ್ಣ ಎಸ್‌ಯುವಿ. ಕಂಪನಿಯ ಹೆಸರು ಬರೆಯುವುದಿಲ್ಲ, ಈ ತೊಂದರೆ ಬೇರೆ ಕಂಪನಿಗಳ ಕಾರುಗಳಲ್ಲೂ ಬರುತ್ತದೆ. ಎಂಜಿನ್ ಎಷ್ಟು, ಡಿಕ್ಕಿ ಎಷ್ಟು ದೊಡ್ಡದು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನಾನು ಹೇಳಬೇಕಿರುವುದು ಕಾರಿನೊಳಗೆ ಸೇರಿದ ನೀರಿನ ಬಗ್ಗೆ, ಆಮೇಲೆ ಆರು ಪುಟದ ಒಂದು ಕಾಗದದ ಬಗ್ಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನನ್ನದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ, ಬೆಳಿಗ್ಗೆ ಆರೂವರೆಗೆ ಶುರು. ಚಳಿಗಾಲದಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲು. ಡಿಕಾಕ್ಷನ್ ರಾತ್ರಿಯೇ ಇಳಿಸಿಟ್ಟಿರುತ್ತೇನೆ. ಬೆಳಿಗ್ಗೆ ಹಾಲು ಕಾಯಿಸಿ, ಕಾಫಿ ಬೆರೆಸಿ, ಮೈಸೂರಿನಿಂದ ತಂದ ಸ್ಟೀಲ್ ಫ್ಲಾಸ್ಕಿಗೆ ಸುರಿದುಕೊಂಡು ಹೊರಡುತ್ತೇನೆ. ಈ ಕಾರಿನ ಕಪ್ ಹೋಲ್ಡರ್‌ನಲ್ಲಿ ಆ ಫ್ಲಾಸ್ಕ್ ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. ಸೀಟು ಎರಡು ನಿಮಿಷದಲ್ಲಿ ಬೆಚ್ಚಗಾಗುತ್ತದೆ. ಮೊದಲ ಸಿಗ್ನಲ್‌ನಲ್ಲಿ ನಿಂತಾಗ ಒಂದು ಗುಟುಕು. ಆ ಇಪ್ಪತ್ತು ನಿಮಿಷದ ಪ್ರಯಾಣ ನನಗೆ ದಿನದಲ್ಲೇ ಇಷ್ಟವಾದ ಹೊತ್ತು. ಈ ಕಾರಿನ ಮೇಲೆ ನನಗೆ ಪ್ರೀತಿ ಇದೆ.

2020ರ ನವೆಂಬರ್‌ನಲ್ಲಿ ಒಂದು ವಿಚಿತ್ರ ಶುರುವಾಯಿತು. ಮುಂದಿನ ಗಾಜಿನ ಮೇಲೆ ಹೊರಗೆ ಹಿಮ ಕಟ್ಟುವುದು ಇಲ್ಲಿ ಮಾಮೂಲು. ನಮ್ಮ ಕಾರಿನಲ್ಲಿ ಒಳಗಡೆಯೂ ಕಟ್ಟುತ್ತಿತ್ತು. ಹೊರಗೆ ಕೆರೆದು ಮುಗಿಸಿ, ಒಳಗೆ ಕೂತು, ಹಳೆಯ ಲೈಬ್ರರಿ ಕಾರ್ಡಿನಿಂದ ಮತ್ತೆ ಕೆರೆಯಬೇಕಿತ್ತು. ಕೆರೆದ ಪುಡಿ ಮಡಿಲಿಗೆ ಉದುರುತ್ತಿತ್ತು. ಜೊತೆಗೆ ಮುಗ್ಗಲು ವಾಸನೆ, ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ ಅಂತಾರಲ್ಲ, ಅದೇ. ಆಗಿನ್ನೂ 21,000 ಮೈಲಿ, ವಾರಂಟಿ ಇತ್ತು. ಡೀಲರ್ ಹತ್ತಿರ ತೋರಿಸಿದೆ. ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟರು. ಎಸಿ ಫಿಲ್ಟರ್ ಬದಲಿಸಿ 68 ಡಾಲರ್ ತಗೊಂಡರು. ವಾಸನೆ ಒಂದು ವಾರ ಕಡಿಮೆಯಾದಂತೆ ಅನ್ನಿಸಿತು. ನಾನೂ ಸುಮ್ಮನಾದೆ.

ಹಾಗೆ ನಾಲ್ಕು ಚಳಿಗಾಲ ಕಳೆದವು. 2024ರ ಮಾರ್ಚ್‌ನಲ್ಲಿ ಎರಡು ದಿನ ಬಿಡದೆ ಮಳೆ ಸುರಿಯಿತು. ಮಗಳು ಮುಂದಿನ ಸೀಟಿನಲ್ಲಿ ಕೂತವಳೇ ‘ಅಮ್ಮಾ, ಕಾಲ್ಚೀಲ ಒದ್ದೆಯಾಯ್ತು’ ಎಂದಳು. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ಸ್ಪಂಜಿನ ಹಾಗೆ ನೀರು ಉಕ್ಕಿತು.

ಮತ್ತೆ ಡೀಲರ್. ಪರೀಕ್ಷೆಗೆ 189 ಡಾಲರ್. ಹೀಟರ್ ಕೋರ್ ಸೋರುತ್ತಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, 1,860 ಡಾಲರ್ ಆಗುತ್ತದೆ ಎಂದರು. ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಇರುವ ಪುಟ್ಟ ರೇಡಿಯೇಟರ್. ಎಂಜಿನ್‌ನ ಬಿಸಿ ಕೂಲೆಂಟ್ ಅದರೊಳಗೆ ಹರಿಯುತ್ತದೆ, ಆ ಶಾಖವೇ ನಮಗೆ ಬರುವ ಬಿಸಿಗಾಳಿ. ನಮ್ಮ ಮನೆಯಲ್ಲಿ ಕಾರಿಗೆಂದು ವರ್ಷಕ್ಕೆ 1,200 ಡಾಲರ್ ಎತ್ತಿಡುತ್ತೇವೆ. ಅದರಲ್ಲೇ ಟೈರು, ಆಯಿಲ್ ಎಲ್ಲ ಆಗಬೇಕು. ‘ಯೋಚಿಸಿ ಹೇಳ್ತೀನಿ’ ಎಂದು ಬಂದುಬಿಟ್ಟೆ.

ಮನೆಗೆ ಬಂದು ಬಿಳಿ ಟಿಶ್ಯೂ ಕಾಗದವನ್ನು ಕಾರ್ಪೆಟ್ ಮೇಲೆ ಒತ್ತಿದೆ. ಲ್ಯಾಬ್ ಅಭ್ಯಾಸ. ಕೂಲೆಂಟಿಗೆ ಬಣ್ಣ ಇರುತ್ತದೆ, ಸಿಹಿ ವಾಸನೆ ಇರುತ್ತದೆ, ಮುಟ್ಟಿದರೆ ಅಂಟಂಟು. ಟಿಶ್ಯೂ ಮೇಲೆ ಅದ್ಯಾವುದೂ ಇಲ್ಲ, ಬರೀ ಮಳೆನೀರು. ಬಾನೆಟ್ ತೆಗೆದು ಕೂಲೆಂಟ್ ಡಬ್ಬಿಯ ಮಟ್ಟಕ್ಕೆ ಟೇಪ್ ಅಂಟಿಸಿದೆ. ಎರಡು ವಾರವಾದರೂ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹೀಟರ್ ಕೋರ್ ಸೋರುತ್ತಿದ್ದರೆ ಇಳಿಯಬೇಕಲ್ವಾ?

ಏಪ್ರಿಲ್‌ನಲ್ಲಿ ಯುಗಾದಿ ಊಟಕ್ಕೆ ಗೆಳತಿಯ ಮನೆಗೆ ಹೋಗಿದ್ದೆವು. ಮಿಶಿಗನ್ ಕನ್ನಡಿಗರಲ್ಲಿ ಕಾರು ಕಂಪನಿಗಳಲ್ಲಿ ದುಡಿಯುವವರು ಜಾಸ್ತಿ. ಹೋಳಿಗೆ ಬಡಿಸುತ್ತಾ ಒಬ್ಬರು ‘ಟಿಎಸ್‌ಬಿ ನೋಡಿದ್ರಾ?’ ಎಂದು ಕೇಳಿದರು. ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಟಿಎಸ್‌ಬಿ ಅಂದರೆ ಟೆಕ್ನಿಕಲ್ ಸರ್ವಿಸ್ ಬುಲೆಟಿನ್. ಒಂದು ಮಾಡೆಲ್‌ನಲ್ಲಿ ಒಂದೇ ದೂರು ಮತ್ತೆ ಮತ್ತೆ ಬಂದಾಗ, ಕಾರಣ ಏನು, ರಿಪೇರಿ ಹೇಗೆ ಎಂದು ಕಂಪನಿ ತನ್ನ ಡೀಲರ್‌ಗಳ ಮೆಕ್ಯಾನಿಕ್‌ಗಳಿಗೆ ಬರೆದು ಕಳಿಸುವ ಕಾಗದ. ಇದು ರಿಕಾಲ್ ಅಲ್ಲ. ರಿಕಾಲ್ ಇರುವುದು ಸುರಕ್ಷತೆಯ ದೋಷಕ್ಕೆ. ಅದಕ್ಕೆ ಕಂಪನಿಯೇ ಮನೆಗೆ ಪತ್ರ ಕಳಿಸಿ ಪುಕ್ಕಟೆ ಸರಿಮಾಡಿಕೊಡಬೇಕು. ಬುಲೆಟಿನ್‌ಗೆ ಮನೆಗೆ ಪತ್ರ ಬರಬೇಕೆಂಬ ನಿಯಮ ಇಲ್ಲ. ವಾರಂಟಿ ಇದ್ದರೆ ಕಂಪನಿ ಕೊಡುತ್ತದೆ, ಮುಗಿದಿದ್ದರೆ ನಮ್ಮ ಜೇಬು.

ಕಂಪನಿಗಳು ಈ ಕಾಗದಗಳ ಪ್ರತಿಯನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎಗೆ ಕೊಡಲೇಬೇಕು. 2012ರ ಒಂದು ಕಾಯ್ದೆಯಿಂದಾಗಿ ಅವನ್ನು ಜನರಿಗೂ ತೆರೆದಿಟ್ಟಿದ್ದಾರೆ. ಇಲಾಖೆಯ ವೆಬ್‌ಸೈಟಿನಲ್ಲಿ ವರ್ಷ, ಕಂಪನಿ, ಮಾಡೆಲ್ ಹಾಕಿದರೆ ರಿಕಾಲ್, ತನಿಖೆ, ದೂರುಗಳ ಪಕ್ಕದಲ್ಲೇ ‘ಮ್ಯಾನುಫ್ಯಾಕ್ಚರರ್ ಕಮ್ಯುನಿಕೇಷನ್ಸ್’ ಎಂಬ ಭಾಗ ಇದೆ. ನಮ್ಮ ಕಾರಿಗೆ ನೂರಕ್ಕೂ ಹೆಚ್ಚು ಇದ್ದವು. ರೇಡಿಯೋ ಸಾಫ್ಟ್‌ವೇರ್, ಬಾಗಿಲಿನ ಬಣ್ಣ, ಎಲ್ಲ ಕಲಸಿಕೊಂಡಿವೆ. ಹುಡುಕುವಾಗ ತೊಂದರೆಯ ಹೆಸರಿಗಿಂತ ಲಕ್ಷಣದ ಮಾತುಗಳು ಕೆಲಸಕ್ಕೆ ಬರುತ್ತವೆ. ‘ವಾಟರ್’, ‘ಕಾರ್ಪೆಟ್’, ‘ಓಡರ್’ (ವಾಸನೆ) ಎಂದು ಹುಡುಕಿದೆ. ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು.

ಮೊದಲ ಪುಟದಲ್ಲೇ ‘ಮುಂದಿನ ಸೀಟಿನ ಕಾಲ ಬಳಿ ನೀರು, ಗಾಜಿನ ಒಳಗೆ ಮಂಜು, ಮುಗ್ಗಲು ವಾಸನೆ’ ಎಂದಿತ್ತು. ನನ್ನ ದೂರನ್ನು ಯಾರೋ ಪಕ್ಕದಲ್ಲಿ ಕೂತು ಬರೆದುಕೊಂಡ ಹಾಗೆ. ಕಾರಣ, ವೈಪರ್ ಕೆಳಗೆ ಎರಡು ತಗಡು ಸೇರುವ ಕಡೆ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ಸರಿಯಾಗಿ ಹತ್ತಿಲ್ಲ. ಪರಿಹಾರ, ವೈಪರ್ ಮತ್ತು ಅದರ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಒರೆಸಿ, ಸೀಲೆಂಟ್ ಹಚ್ಚಿ, ನೀರು ಬಿಟ್ಟು ನೋಡುವುದು. ಬೇಕಾದ ಸಾಮಾನು, ಒಂದು ಟ್ಯೂಬ್ ಸೀಲೆಂಟ್. ಯಾವ ತಿಂಗಳವರೆಗೆ ತಯಾರಾದ ಕಾರುಗಳಿಗೆ ಇದು ಅನ್ವಯ ಎಂದೂ ಇತ್ತು. ಟಾರ್ಚ್ ಹಿಡಿದು ಹೋಗಿ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿ ನೋಡಿದೆ. 02/18. ನಮ್ಮದು ಅದರೊಳಗೇ ಬರುತ್ತದೆ.

ಎಷ್ಟು ಖುಷಿಯಾಯಿತು ಅಂದರೆ ನಮ್ಮನೆಯವರನ್ನು ಎಬ್ಬಿಸಿ ತೋರಿಸಿದೆ. ಅವರು ನಿದ್ದೆಗಣ್ಣಿನಲ್ಲೇ ಮೊದಲ ಪುಟದ ಮೂಲೆ ನೋಡಿ ‘ತಾರೀಕು ನೋಡಿದ್ಯಾ?’ ಎಂದರು. 2020ರ ಜೂನ್.

ನಾನು ಕಾರು ತೋರಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಐದು ತಿಂಗಳಿಂದ ಈ ಕಾಗದ ಆ ಗ್ಯಾರೇಜಿನ ಕಂಪ್ಯೂಟರಿನಲ್ಲಿ ಇತ್ತು. ಯಾರೂ ತೆರೆದು ನೋಡಲಿಲ್ಲ. ನೋಡಿದ್ದರೆ ವಾರಂಟಿಯಲ್ಲೇ ಆಗಿಹೋಗುತ್ತಿತ್ತು. ನಾಲ್ಕು ಚಳಿಗಾಲ ಮಡಿಲ ಮೇಲೆ ಹಿಮದ ಪುಡಿ ಉದುರಿಸಿಕೊಂಡಿದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು. ದುಡ್ಡಿಗಲ್ಲ. ನಾನು ಹೇಳಿದ್ದು ನಿಜವಾಗಿತ್ತು, ಅವರು ಇಲ್ಲ ಎಂದಿದ್ದರು, ನಾನು ನಂಬಿದ್ದೆ.

ಈಗ ಖರ್ಚಿನ ವಿಷಯ. ಬುಲೆಟಿನ್‌ನ ಕೊನೆಯಲ್ಲಿ ಕೂಲಿ ಸಮಯ ಇರುತ್ತದೆ, ಗಂಟೆಯ ಹತ್ತನೇ ಭಾಗದ ಲೆಕ್ಕದಲ್ಲಿ. 0.1 ಅಂದರೆ 6 ನಿಮಿಷ. ನಮ್ಮದಕ್ಕೆ 1.3, ಅಂದರೆ 78 ನಿಮಿಷ. ಡೀಲರ್ ಗೋಡೆಯ ಮೇಲೆ ಗಂಟೆಗೆ 170 ಡಾಲರ್ ಎಂದು ಬರೆದಿದೆ. ಅಲ್ಲಿಗೆ ಕೂಲಿ 221, ಸೀಲೆಂಟ್ 28, ಒಟ್ಟು 249 ಡಾಲರ್. ಆದರೆ ಕಾಗದ ತೋರಿಸಿದಾಗ ಅವರು 368 ಹೇಳಿದರು. 1.3 ಎನ್ನುವುದು ಕಂಪನಿ ಡೀಲರ್‌ಗೆ ವಾರಂಟಿ ಕೆಲಸಕ್ಕೆ ಕೊಡುವ ಸಮಯವಂತೆ. ಗಿರಾಕಿ ಕೈಯಿಂದ ಕೊಡುವಾಗ ಬೇರೆ ಪುಸ್ತಕದ ಲೆಕ್ಕ, ಅದರಲ್ಲಿ 2.0. ಇದು ಅವರೊಬ್ಬರ ಪದ್ಧತಿ ಅಲ್ಲ, ವಾರಂಟಿ ಸಮಯ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದ್ದರಿಂದ ಬುಲೆಟಿನ್ ನೋಡಿ ಲೆಕ್ಕ ಹಾಕುವವರು ಒಂದಿಷ್ಟು ಮೇಲೆ ಹಿಡಿದುಕೊಳ್ಳಿ.

ನಾನು 2020ರ ಬಿಲ್ ಎಸೆದಿರಲಿಲ್ಲ. ಬಿಲ್ ಮತ್ತು ಬುಲೆಟಿನ್ ಎರಡನ್ನೂ ಸರ್ವಿಸ್ ಮ್ಯಾನೇಜರ್ ಮುಂದೆ ಇಟ್ಟೆ. ದನಿ ಏರಿಸಲಿಲ್ಲ. ಎರಡು ತಾರೀಕಿನ ಕೆಳಗೂ ಪೆನ್ನಿನಲ್ಲಿ ಗೆರೆ ಎಳೆದಿದ್ದೆ, ಅಷ್ಟೇ. ಕಂಪನಿಯ ಗ್ರಾಹಕ ಸೇವೆಗೂ ಫೋನ್ ಮಾಡಿ ದೂರಿನ ನಂಬರ್ ತಗೊಂಡೆ. ವಾರಂಟಿ ಮುಗಿದ ಮೇಲೂ ಖರ್ಚಿನಲ್ಲಿ ಪಾಲು ಕೊಡಿ ಎನ್ನುವುದಕ್ಕೆ ಇಲ್ಲಿ ‘ಗುಡ್‌ವಿಲ್’ ಕೇಳುವುದು ಅನ್ನುತ್ತಾರೆ. ಕೊಡಲೇಬೇಕೆಂದಿಲ್ಲ, ಕೇಳಿದವರಿಗೆ ಕೆಲವೊಮ್ಮೆ ಸಿಗುತ್ತದೆ. ಹನ್ನೊಂದು ದಿನಕ್ಕೆ ಅರ್ಧ ಖರ್ಚು ಕೊಡುತ್ತೇವೆ ಎಂದರು. ನಾನು ಕೊಟ್ಟಿದ್ದು 184 ಡಾಲರ್. ತಪ್ಪು ಪರೀಕ್ಷೆಯ 189 ಡಾಲರ್ ಮಾತ್ರ ವಾಪಸ್ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮೈಸೂರಿನಲ್ಲಿರುವ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವನ ಕಾರಿನ ಗೇರ್ ತೊಂದರೆಗೆ ಬುಲೆಟಿನ್ ಇದೆಯಾ ಎಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿದನಂತೆ. ‘ಅದು ನಮ್ಮ ಒಳಗಿನ ಕಾಗದ ಸಾರ್, ತೋರಿಸೋಕಾಗಲ್ಲ’ ಎಂದರಂತೆ. ಭಾರತದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ರಿಕಾಲ್‌ಗೆ ಜಾಗ ಸಿಕ್ಕಿದೆ. ಬುಲೆಟಿನ್‌ಗಳೂ ಜನರ ಕಣ್ಣಿಗೆ ಬೀಳುವ ಹಾಗಾಗಲಿ ಎಂದು ನನ್ನ ಆಸೆ.

ಕಾರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಡೀಲರ್‌ಗೆ ಎರಡು. ಇಲಾಖೆಯ ಆ ಪುಟಕ್ಕೆ ಐದಕ್ಕೆ ಐದು, ಹುಡುಕುವುದು ತಲೆನೋವಾದರೂ. ಹಳೆಯ ಕಾರು ಕೊಳ್ಳುವವರು ಹಣ ಕೊಡುವ ಮೊದಲು ಒಂದು ಸಂಜೆ ಅಲ್ಲಿ ಕೂತು ಓದಿ. ಬುಲೆಟಿನ್ ಇದೆ ಅಂದಮಾತ್ರಕ್ಕೆ ಆ ತೊಂದರೆ ನಿಮ್ಮ ಕಾರಿನಲ್ಲೂ ಇದೆ ಎಂದಲ್ಲ. ಎಲ್ಲಿ ಮುಟ್ಟಿ ನೋಡಬೇಕು ಎಂಬುದು ತಿಳಿಯುತ್ತದೆ.

ಕಳೆದ ವಾರ ಜೋರು ಮಳೆ ಬಂತು. ರಾತ್ರಿ ಕಾರ್ಪೆಟ್ ಕೆಳಗೆ ಟಿಶ್ಯೂ ಇಟ್ಟು ಬಂದಿದ್ದೆ. ಬೆಳಿಗ್ಗೆ ತೆಗೆದಾಗ ಗರಿಗರಿಯಾಗಿತ್ತು. ಗಾಜು ಒಳಗಡೆ ತಿಳಿಯಾಗಿತ್ತು. ಲೈಬ್ರರಿ ಕಾರ್ಡನ್ನು ಮಗಳಿಗೆ ವಾಪಸ್ ಕೊಟ್ಟಿದ್ದೇನೆ.