ಸುಲಿತದ ಮನೇಲಿ ಯಾವ ನ್ಯೂಸು? ಆಕಾಶವಾಣಿ, 24 ಗಂಟೆ ಆಪ್, ಬಿಬಿಸಿ, ಟಿವಿ ಲೈವ್ ಎಲ್ಲಾ ಕೇಳಿ ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ಇಪ್ಪತ್ನಾಕು ಗಂಟೆನೂ ಬರೀ ಸುದ್ದಿ ಹೇಳೋ ರೇಡಿಯೋ ಬೇಕು ಅಂತ ನಮ್ಮ ಭಾವ ವರ್ಷಾನುಗಟ್ಲೆಯಿಂದ ವಾದ ಮಾಡ್ತಾ ಇದಾರೆ, ನಂಗೆ ಅದು ಬೇಡ. ನಂಗೆ ಬೇಕಾಗಿರೋದು ಹೇಳಿದ ಟೈಮಿಗೆ ಸರಿಯಾಗಿ ಬರ್ಬೇಕು, ಕೇಳೋಕೆ ಕಣ್ಣು ಬೇಕಾಗ್ಬಾರ್ದು, ಕರೆಂಟು ಹೋದ್ರೂ ಕೇಳ್ಬೇಕು, ಮತ್ತೆ ತೀರ್ಥಹಳ್ಳಿ ಹೊಸನಗರದ ಕಡೆ ಎಂತ ಆಗಿದೆ ಅಂತ ಒಂಚೂರಾದ್ರೂ ಗೊತ್ತಾಗ್ಬೇಕು. ಈ ನಾಲ್ಕೂ ಒಂದರಲ್ಲೇ ಸಿಗಲ್ಲ, ಅದಕ್ಕೇ ಈ ಹೋಲಿಕೆ.

ನಮ್ಮಲ್ಲಿ ರೇಡಿಯೋ ಜೋರಾಗಿ ಹಾಡೋದು ಎರಡು ಕಾಲದಲ್ಲಿ. ಒಂದು ಜೂನ್ ಜುಲೈ ಮಳೆ, ಇನ್ನೊಂದು ಅಡಿಕೆ ಕೊಯ್ಲು ಶುರುವಾದ ಮೇಲೆ ಸುಲಿತ, ಅಂದ್ರೆ ಹಸಿ ಅಡಿಕೆ ಸಿಪ್ಪೆ ಸುಲಿಯೋ ಕೆಲಸ. ಈಗ ಸುಮಾರು ಕಡೆ ಸುಲಿಯೋ ಮಿಷನ್ ಬಂದಿದೆ, ನಮ್ಮನೇಲಿ ಇನ್ನೂ ಕಾಲಲ್ಲಿ ಮೆಟ್ಟಿ ಹಿಡಿಯೋ ಮೆಟ್ಟುಗತ್ತಿನೇ. ಸುಲಿಯೋರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ, ಹಂಗಾಗಿ ಯಾರೂ ತಲೆ ಎತ್ತಲ್ಲ, ಕಣ್ಣು ಕತ್ತಿ ಮೇಲೆ, ಕೈಯಲ್ಲಿ ಹಸಿ ಅಡಿಕೆ ಕರೆ, ಕಿವಿ ಮಾತ್ರ ಖಾಲಿ. ಸುದ್ದಿಯ ಕ್ವಾಲಿಟಿ ಟೆಸ್ಟ್ ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಹೇಳಿ.

ಭಾವನ ಪಕ್ಷ ಟಿವಿ ಲೈವ್ ಅಂದ್ರೆ ಕನ್ನಡ ನ್ಯೂಸ್ ಚಾನೆಲ್ ಗಳನ್ನ ಯೂಟ್ಯೂಬಲ್ಲಿ ಹಾಕಿ ಫೋನನ್ನ ಅಡಿಕೆ ಬುಟ್ಟಿಗೆ ಒರಗಿಸಿ ಇಡೋದು. ಯಾವ ಚಾನೆಲ್ ಅಂತ ಹೆಸರು ಬೇಡ, ಈ ವಿಷಯದಲ್ಲಿ ಎಲ್ಲಾ ಒಂದೇ. ಕನ್ನಡದಲ್ಲಿದೆ, ಯಾವಾಗ ಹಾಕಿದ್ರೂ ಇರುತ್ತೆ, ದೊಡ್ಡ ಘಟನೆ ಆದ್ರೆ ಎಲ್ಲರಿಗಿಂತ ಮುಂಚೆ ಇವರದ್ದೇ, ಇಷ್ಟನ್ನ ಒಪ್ಕೋಬೇಕು. ಆದ್ರೆ ಕಿವಿಗೆ ಅದು ಆಗಲ್ಲ ಮಾರಾಯ್ರೆ. "ನೋಡಿ ವೀಕ್ಷಕರೇ, ನೀವೀಗ ಸ್ಕ್ರೀನ್ ಮೇಲೆ ನೋಡ್ತಾ ಇದೀರ, ಯಾವ ರೀತಿ ಇದೆ ಅಂತ" ಅಂತಾನೆ, ಏನು ನೋಡ್ತಾ ಇದೀವಿ ಅಂತ ಮಾತ್ರ ಹೇಳಲ್ಲ, ಹಿಂದೆ ಢಂ ಢಂ ಮ್ಯೂಸಿಕ್ಕು, ಸುಲಿಯೋರಲ್ಲಿ ಯಾರಾದ್ರೂ ಒಬ್ರು ಬಗ್ಗಿ ನೋಡಿ ಮಿಕ್ಕೋರಿಗೆ ವರದಿ ಒಪ್ಪಿಸ್ಬೇಕು, ಸೇತುವೆ ಕಣೇ, ನೀರು ಮೇಲೆ ಹೋಗ್ತಾ ಇದೆ, ಎಲ್ಲಿ ಅಂತ ಗೊತ್ತಿಲ್ಲ. ಆಮೇಲೆ ಜಾಹೀರಾತು. ಹಸಿ ಅಡಿಕೆ ಕರೆ ಹತ್ತಿದ ಒದ್ದೆ ಬೆರಳನ್ನ ಫೋನು ಬೆರಳು ಅಂತಾನೇ ಒಪ್ಪಲ್ಲ, ಒಬ್ರು ಮೊಣಕೈಯಲ್ಲಿ ಸ್ಕಿಪ್ ಆಡ್ ಒತ್ತೋಕೆ ಹೋಗಿ ಸುದ್ದಿ ಹೋಗಿ ಯಾವುದೋ ಕೇಕ್ ಮಾಡೋ ವಿಡಿಯೋ ಬಂತು, ಅವತ್ತು ಅರ್ಧ ಗಂಟೆ ಎಲ್ರೂ ಕೇಕ್ ಕೇಳಿದ್ರು, ಕೈ ತೊಳೆಯೋಕೆ ಯಾರು ಏಳ್ತಾರೆ. ಇನ್ನೊಂದು ತೊಂದರೆ, ಒಂದು ಸುದ್ದಿ ಹಿಡಿದ್ರೆ ಮಧ್ಯಾಹ್ನದಿಂದ ರಾತ್ರಿವರೆಗೆ ಅದನ್ನೇ ಅಗಿಯೋದು. ನಾಲ್ಕು ತಾಸು ಕೇಳಿ ಎದ್ದ ಮೇಲೆ ಎಂತ ಗೊತ್ತಾಯ್ತು ಅಂತ ಲೆಕ್ಕ ಹಾಕಿದ್ರೆ ಎರಡು ಸುದ್ದಿನೂ ಇರಲ್ಲ.

ನನ್ನ ಪಕ್ಷ ಹಳೇ ಟ್ರಾನ್ಸಿಸ್ಟರು. ಭದ್ರಾವತಿ ಆಕಾಶವಾಣಿ, ಮೀಡಿಯಂ ವೇವ್ 675 ಕಿಲೋಹರ್ಟ್ಸ್, ಎಫ್ಎಂನಲ್ಲಿ 103.5. ಈ ಸ್ಟೇಷನ್ ಶುರುವಾಗಿದ್ದು 1965ರಲ್ಲಿ. ಎಫ್ಎಂ ಕ್ಲಿಯರ್ ಇರುತ್ತೆ ನಿಜ, ಆದ್ರೆ ಅದು ನೆಟ್ಟಗೆ ಹೋಗೋ ಅಲೆ, ಮಧ್ಯ ಗುಡ್ಡ ಬಂದ್ರೆ ಮುಗೀತು, ಶಿವಮೊಗ್ಗ ಭದ್ರಾವತೀಲಿ ಗಿಳಿಯಂಗೆ ಮಾತಾಡೋದು ನಮ್ಮ ಕಣಿವೆಗೆ ಇಳಿದ್ರೆ ಉಸಿರೇ ಇರಲ್ಲ. ಮೀಡಿಯಂ ವೇವ್ ನೆಲ ಹಿಡ್ಕೊಂಡು ಗುಡ್ಡ ದಾಟಿ ಬರುತ್ತೆ, ಬರೋವಾಗ ದಾರೀಲಿ ಸಿಕ್ಕಿದ ಗಲಾಟೆನೆಲ್ಲಾ ಹೊತ್ಕೊಂಡು ಬರುತ್ತೆ, ಎಲ್ಇಡಿ ಬಲ್ಬಿನ ಗುಂಯ್, ಸಿಡಿಲಿನ ಚರಕ್, ಪಕ್ಕದ ತೋಟದ ಸೋಲಾರ್ ಬೇಲಿ ಸೆಕೆಂಡಿಗೊಂದ್ಸಲ ಟಕ್ ಟಕ್. ರೇಡಿಯೋನ ಅಡ್ಡಡ್ಡ ತಿರುಗಿಸಿ ನೋಡಿ, ಒಳಗಿರೋ ಕಡ್ಡಿ ಆಂಟೆನಾಗೆ ದಿಕ್ಕು ಇದೆ, ಒಂದು ಮೂಲೆಗೆ ತಿರುಗಿಸಿದಾಗ ಟಕ್ ಟಕ್ ತಗ್ಗಿ ಮಾತು ಮೇಲೆ ಬರುತ್ತೆ. ನಮ್ಮನೇಲಿ ಆ ಮೂಲೆ ಯಾವುದು ಅಂತ ಮಕ್ಕಳಿಗೂ ಗೊತ್ತು.

ಬೆಳಿಗ್ಗೆ 6:55ಕ್ಕೆ ಸಂಸ್ಕೃತ ವಾರ್ತೆ, ಬಲದೇವಾನಂದ ಸಾಗರರ "ಇಯಂ ಆಕಾಶವಾಣೀ" ಕೇಳಿ ಬೆಳೆದೋರು ನಾವು. ಶಿವಮೊಗ್ಗದ ಮಗ್ಗುಲಲ್ಲೇ ಸಂಸ್ಕೃತ ಮಾತಾಡೋ ಮತ್ತೂರು ಇದೆ, ಹಂಗಾಗಿ ಆ ವಾರ್ತೆ ಯಾರಿಗೆ ಅರ್ಥ ಆಗುತ್ತೆ ಅಂತ ನಗಾಡೋಕೆ ನಮ್ಮ ಜಿಲ್ಲೆಯೋರಿಗೆ ಹಕ್ಕಿಲ್ಲ. ಅದಾದ ಮೇಲೆ 7:05ಕ್ಕೆ ಪ್ರದೇಶ ಸಮಾಚಾರ, 7:35ಕ್ಕೆ ರಾಷ್ಟ್ರೀಯ ವಾರ್ತೆ, ನಮ್ಮ ಬಾಯಲ್ಲಿ ಇನ್ನೂ ಅದು ದೆಹಲಿ ವಾರ್ತೆನೇ. ಹತ್ತು ನಿಮಿಷದಲ್ಲಿ ಮೊದಲು ಮುಖ್ಯಾಂಶ, ಆಮೇಲೆ ವಿವರ, ಕೊನೇಲಿ "ಮುಖ್ಯಾಂಶಗಳು ಮತ್ತೊಮ್ಮೆ". ದೋಸೆ ಹುಯ್ಯೋ ಗಡಿಬಿಡೀಲಿ ಮೊದಲನೇದು ತಪ್ಪಿದ್ರೂ ಕೊನೇದು ಸಿಗುತ್ತೆ. ಒಂದು ವಾಕ್ಯ, ಒಂದು ಸುದ್ದಿ, ಮುಂದಕ್ಕೆ. ಯಾರೂ ಕಿರುಚಲ್ಲ, ನಿಮ್ಮನ್ನ ಹೆದರ್ಸೋ ಮ್ಯೂಸಿಕ್ ಇಲ್ಲ.

ಭಾವ ಸುಮ್ನಿರ್ತಾರಾ. "ಅದು ಸುದ್ದಿನಾ, ಮಂತ್ರಿಗಳು ಉದ್ಘಾಟಿಸಿದರು, ಮುಖ್ಯಮಂತ್ರಿಗಳು ತಿಳಿಸಿದರು, ಅವರು ಹೇಳಿದರು ಇವರು ಕರೆ ನೀಡಿದರು, ಅಷ್ಟೇ ಅಲ್ವಾ" ಅಂತಾರೆ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಸರ್ಕಾರದ ರೇಡಿಯೋ, ಸರ್ಕಾರಕ್ಕೆ ನೋಯೋ ಸುದ್ದಿ ಅಲ್ಲಿ ತಡವಾಗಿ, ಮೆತ್ತಗಾಗಿ ಬರುತ್ತೆ. 1984ರ ಅಕ್ಟೋಬರ್ 31ಕ್ಕೆ ಇಂದಿರಾ ಗಾಂಧಿಗೆ ಗುಂಡು ಬಿದ್ದಿದ್ದು ಬೆಳಿಗ್ಗೆ, ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಾಯಂಕಾಲ, ಅಷ್ಟೊತ್ತಿಗೆ ಬಿಬಿಸಿ ಕೇಳಿದೋರಿಗೆಲ್ಲಾ ಗೊತ್ತಾಗಿತ್ತು. ಇದನ್ನ ಭಾವ ಪ್ರತಿ ವಾದದಲ್ಲೂ ತೆಗೀತಾರೆ. ತೆಗೀಲಿ, ನಿಜಾನೇ ಅಲ್ವಾ.

ಸರಿ, ಬಿಬಿಸಿಗೇ ಬರೋಣ. ಕನ್ನಡದಲ್ಲಿ ಅದು ಇಲ್ಲ, ಹಿಂದಿ ಶಾರ್ಟ್ ವೇವ್ 2020ರ ಜನವರಿ ಕೊನೆಗೆ ನಿಂತೋಯ್ತು, ಈಗ ಇಂಗ್ಲಿಷ್ ವರ್ಲ್ಡ್ ಸರ್ವಿಸನ್ನ ಫೋನಲ್ಲಿ ಕೇಳೋದು. ಮಾಡೋ ಕೆಲಸದ ಅಚ್ಚುಕಟ್ಟು ಅಂದ್ರೆ ಇವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಯಾವುದೋ ದೇಶದ ಹಣಕಾಸು ಮಂತ್ರೀನ ಕೂರಿಸ್ಕೊಂಡು, ಸ್ವಾಮಿ ನೀವು ಕೇಳಿದ್ದಕ್ಕೆ ಉತ್ತರ ಹೇಳ್ಲಿಲ್ಲ ಅಂತ ಮೂರ್ಮೂರು ಸಲ ಕೇಳ್ತಾರೆ, ನಮ್ಮ ಎರಡು ಕಡೆನೂ ಈ ಪದ್ಧತಿ ಇಲ್ಲ, ಆಕಾಶವಾಣೀಲಿ ಪ್ರಶ್ನೆನೇ ಇರಲ್ಲ, ಟಿವೀಲಿ ಉತ್ತರಕ್ಕೆ ಜಾಗ ಬಿಡಲ್ಲ. ಆದ್ರೆ ಅಲ್ಲಿ ಇಡೀ ಇಂಡಿಯಾಕ್ಕೇ ದಿನಕ್ಕೆ ಒಂದೆರಡು ನಿಮಿಷ ಸಿಕ್ಕಿದ್ರೆ ಪುಣ್ಯ, ಮಲೆನಾಡು ಎಲ್ಲಿಂದ ಬರ್ಬೇಕು. ಸುಲಿತದ ಮನೇಲಿ ಹಾಕಿದ್ರೆ ಉಳಿದೋರು "ಅಣ್ಣಯ್ಯ, ಅದನ್ನ ಆಫ್ ಮಾಡಿ, ನಿದ್ದೆ ಬತ್ತದೆ" ಅಂದ್ರು. ರಾತ್ರಿ ಊಟ ಆದ್ಮೇಲೆ ಒಬ್ನೇ ಕೇಳ್ತೀನಿ ಅಷ್ಟೆ.

ಇನ್ನು ಆಕಾಶವಾಣಿಯದ್ದೇ ಆಪಿನಲ್ಲಿ ಇಪ್ಪತ್ನಾಕು ಗಂಟೆ ಸುದ್ದಿ ಅಂತ ಒಂದು ಚಾನೆಲ್ ಇದೆ. ಭಾವ ಕೇಳ್ತಿದ್ದಿದ್ದು ಇದೇ ತಾನೇ ಅಂತ ಖುಷಿಯಿಂದ ಹಾಕಿದೆ. ಹೆಚ್ಚಾಗಿ ಹಿಂದಿ ಇಂಗ್ಲಿಷ್, ಬುಲೆಟಿನ್ ಆದ್ಮೇಲೆ ಚರ್ಚೆ, ಚರ್ಚೆ ಆದ್ಮೇಲೆ ಬುಲೆಟಿನ್. ದಿಲ್ಲಿಯ ಗಾಳಿ ಎಷ್ಟು ಕೆಟ್ಟಿದೆ ಅಂತ ನಮ್ಮ ಅಡಿಕೆ ಸುಲಿಯೋರಿಗೆಲ್ಲಾ ಗೊತ್ತಾಯ್ತು. 2023ರ ಫೆಬ್ರವರೀಲಿ ಕೇಂದ್ರ ಸರ್ಕಾರ ಅಡಿಕೆ ಆಮದಿನ ಕನಿಷ್ಠ ಬೆಲೆನ ಕೆಜಿಗೆ 251 ರೂಪಾಯಿಂದ 351ಕ್ಕೆ ಏರಿಸ್ತು ನೋಡಿ, ನಮ್ಮ ಇಡೀ ಜಿಲ್ಲೆಯ ಹೊಟ್ಟೆಪಾಡಿನ ಸುದ್ದಿ ಅಂದ್ರೆ ಅದು, ಅಂಥದ್ದಕ್ಕೆ ಆ ಇಪ್ಪತ್ನಾಕು ಗಂಟೇಲಿ ಎಷ್ಟು ಜಾಗ ಇರುತ್ತೆ? ಅಡಿಕೇಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬಗೆಗಳಿವೆ ಅಂದ್ರೆ ಅವರಿಗೆ ಎಂತ ಗೊತ್ತು. ಆದ್ರೆ ಅದೇ ಆಪಿನ ಒಂದು ಉಪಕಾರ ಇದೆ, ತಪ್ಪಿಹೋದ ಪ್ರದೇಶ ಸಮಾಚಾರನ ಆಮೇಲೆ ಬೇಕಾದಾಗ ಕೇಳಬಹುದು. ಆಪು ಇಟ್ಕೊಂಡಿರೋದೇ ಅದಕ್ಕೆ.

ನಿಜವಾದ ಬರೀ-ಸುದ್ದಿ ರೇಡಿಯೋ ಹೆಂಗಿರುತ್ತೆ ಅಂತ ಗೊತ್ತಾಗಿದ್ದು ಮಗನ ಮನೆಗೆ ನ್ಯೂಜೆರ್ಸಿಗೆ ಹೋದಾಗ. ಕಾರಲ್ಲಿ 1010 ವಿನ್ಸ್ ಅಂತ ನ್ಯೂಯಾರ್ಕಿನ ರೇಡಿಯೋ ಸ್ಟೇಷನ್ ಹಾಕ್ತಿದ್ದ. 1965ರ ಏಪ್ರಿಲಿಂದ ಬರೀ ಸುದ್ದಿ, ನಮ್ಮ ಭದ್ರಾವತಿ ಸ್ಟೇಷನ್ನಿನ ವಾರಿಗೆಯದ್ದೇ. ಹಿಂದೆ ಹಳೇ ಟೆಲಿಪ್ರಿಂಟರಿನ ಕಟಕಟ ಸದ್ದು, ನೀವು 22 ನಿಮಿಷ ಕೊಡಿ, ನಾವು ಪ್ರಪಂಚ ಕೊಡ್ತೀವಿ ಅನ್ನೋದು ಅವರ ಘೋಷಣೆ. ಗುಟ್ಟು ಆ 22 ನಿಮಿಷದಲ್ಲೇ ಇದೆ, ಇಡೀ ದಿನ ಯಾರೂ ಕೇಳಲ್ಲ ಅಂತ ಅವರಿಗೆ ಗೊತ್ತು, ಹಂಗಾಗಿ ಸುದ್ದಿ ಚಕ್ರ ತಿರುಗ್ತಾ ಇರುತ್ತೆ, ಹೊಸದು ಬಂದ ಹಾಗೆ ಹಳೇದು ಬಿದ್ದು ಹೋಗುತ್ತೆ, ಮಧ್ಯ ಮಧ್ಯ ಹತ್ತು ನಿಮಿಷಕ್ಕೊಂದ್ಸಲ ಯಾವ ಸುರಂಗದಲ್ಲಿ ಟ್ರಾಫಿಕ್ ನಿಂತಿದೆ, ಯಾವ ಸೇತುವೆ ಖಾಲಿ ಇದೆ. ಅಲ್ಲಿಯೋರ ದೂರೂ ಬೇಕಾದಷ್ಟಿದೆ, ಜಾಹೀರಾತು ಜಾಸ್ತಿ, ಹೇಳಿದ್ದೇ ಹೇಳ್ತಾರೆ, ಎಲ್ಲಾ ಎರಡು ವಾಕ್ಯದ ಸುದ್ದಿ, ಮೊದಲಿನ ಗತ್ತು ಇಲ್ಲ ಅಂತ. ಪೈಪೋಟಿಗಿದ್ದ ಡಬ್ಲ್ಯುಸಿಬಿಎಸ್ 880 ಅಂತೂ 1967ರಿಂದ ಸುದ್ದಿ ಹೇಳಿ ಹೇಳಿ 2024ರ ಆಗಸ್ಟಲ್ಲಿ ಬಿಟ್ಟೇಬಿಡ್ತು, ಈಗ ಆ ಜಾಗದಲ್ಲಿ ಸ್ಪೋರ್ಟ್ಸು. ಅಷ್ಟು ದೊಡ್ಡ ಊರಲ್ಲೇ ಎರಡು ಸ್ಟೇಷನ್ ನಡೀಲಿಲ್ಲ ಅಂದ್ರೆ ಭಾವನ ಕನಸು ಎಲ್ಲಿ ನಿಲ್ಲುತ್ತೆ. ಆದ್ರೂ ಆ ಸುರಂಗ-ಸೇತುವೆ ವರದಿ ಕೇಳ್ತಾ ನಂಗೆ ಹೊಟ್ಟೆ ಉರೀತು, ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಬಿಟ್ಟಿದಾರಾ, ಹುಲಿಕಲ್ಲಲ್ಲಿ ಮರ ಬಿದ್ದಿದೆಯಾ, ಲಿಂಗನಮಕ್ಕಿ ಡ್ಯಾಮು ತುಂಬೋ 1819 ಅಡಿಗೆ ಇನ್ನೆಷ್ಟು ಬಾಕಿ, ಡಿಸಿಯವರು ಶಾಲೆಗೆ ರಜೆ ಕೊಟ್ರಾ, ಇದನ್ನ ಹತ್ತು ನಿಮಿಷಕ್ಕೊಂದ್ಸಲ ಬೇಡ ಮಾರಾಯ್ರೆ, ಗಂಟೆಗೊಂದ್ಸಲ ಹೇಳೋರು ಯಾರಿದಾರೆ ನಮಗೆ? ಈಗ ಅದೆಲ್ಲಾ ವಾಟ್ಸಾಪಲ್ಲಿ ಬರುತ್ತೆ, ಹೋದ ವರ್ಷದ ರಜೆ ಆದೇಶಕ್ಕೆ ತಾರೀಕು ತಿದ್ದಿ ಯಾರೋ ಹಾಕ್ತಾರೆ, ಮಗು ಕುಣಿಯುತ್ತೆ, ಬಸ್ಸು ಬಂದು ಹಾರನ್ ಹೊಡೆಯುತ್ತೆ.

ಖಾಸಗಿ ಎಫ್ಎಂನೋರು ಯಾಕೆ ಹೇಳಲ್ಲ ಅಂತ ಕೇಳ್ತೀರಿ. ಅವರಿಗೆ ಅಪ್ಪಣೆ ಇಲ್ಲ. ಕೇಂದ್ರ ಸರ್ಕಾರದ 2011ರ ಎಫ್ಎಂ ನೀತಿ ಪ್ರಕಾರ ಆಕಾಶವಾಣಿ ಬುಲೆಟಿನನ್ನ ಒಂದಕ್ಷರ ತಿದ್ದದೆ ಹಾಗೇ ಹಾಕಬಹುದು, ಸ್ವಂತ ಸುದ್ದಿ ಮಾಡೋ ಹಾಗಿಲ್ಲ, ಸಮುದಾಯ ರೇಡಿಯೋಗೂ ಹಂಗೇ. ಟ್ರಾಫಿಕ್ಕು, ಹವಾಮಾನ, ಪರೀಕ್ಷೆ, ಕರೆಂಟು ನೀರು, ಪ್ರಕೃತಿ ವಿಕೋಪದ ಮಾಹಿತಿ ಹೇಳಬಹುದು, ಅದನ್ನ ಸುದ್ದಿ ಅಂತ ಲೆಕ್ಕ ಹಾಕಲ್ಲ. ಅಂದ್ರೆ ಘಾಟಿ ಬಂದ್ ಅಂತ ಹೇಳಬಹುದು, ಗುಡ್ಡ ಅಗೆದ ಕಾಂಟ್ರಾಕ್ಟರ್ ಯಾರು ಅಂತ ಕೇಳೋ ಹಾಗಿಲ್ಲ. ಟಿವಿ ಚಾನೆಲ್ಲು, ಪೇಪರ್ರು, ಫೋನಿಟ್ಕೊಂಡ ಪ್ರತಿಯೊಬ್ನೂ ಬಾಯಿಗೆ ಬಂದಿದ್ದು ಹೇಳಬಹುದು, ರೇಡಿಯೋಗೆ ಮಾತ್ರ ಬಾಯಿಗೆ ಬಟ್ಟೆ. 2023ರ ಸೆಪ್ಟೆಂಬರಲ್ಲಿ ಟ್ರಾಯ್, ಅಂದ್ರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಖಾಸಗಿ ಎಫ್ಎಂಗೆ ಅವಕಾಶ ಕೊಡಿ ಅಂತ ಶಿಫಾರಸು ಮಾಡ್ತು. ಹತ್ತು ನಿಮಿಷ ಸಾಕು, ಭಾವನಿಗೂ ಅದನ್ನೇ ಹೇಳಿದೀನಿ.

ಮಳೆಗಾಲದ ಲೆಕ್ಕ ಬೇರೆನೇ. ಕರೆಂಟು ಹೋಗಿ ಎರಡನೇ ದಿನಕ್ಕೆ ಟವರಿನ ಬ್ಯಾಟರಿ ಸಾಯುತ್ತೆ, ಆಪು, ಬಿಬಿಸಿ, ಟಿವಿ ಲೈವ್ ಮೂರೂ ಒಂದೇ ಸಲ ಮಲಗ್ತವೆ. ಆವಾಗ ಎರಡು ಸೆಲ್ಲಿನ ರೇಡಿಯೋ ಒಂದೇ ಗತಿ, ಭಾವನೂ ಕೊಡೆ ಹಿಡ್ಕೊಂಡು ನಮ್ಮನೆ ಜಗಲಿಗೇ ಬರ್ತಾರೆ, ಬಂದು ಕೂತು ಮಂತ್ರಿಗಳು ಕರೆ ನೀಡಿದರು ಅನ್ನೋದನ್ನ ಕಾಫಿ ಜೊತೆ ಕೇಳ್ತಾರೆ. ಹೊಸದಾಗಿ ತಗೊಳ್ಳೋರು ಒಂದು ನೋಡ್ಕೊಳ್ಳಿ, ಈಗ ಅಂಗಡೀಲಿ ಸಿಗೋ ಎಷ್ಟೋ ರೇಡಿಯೋಗೆ ಬ್ಲೂಟೂತು, ಪೆನ್ ಡ್ರೈವು, ಲೈಟು ಎಲ್ಲಾ ಇರುತ್ತೆ, ಮೀಡಿಯಂ ವೇವೇ ಇರಲ್ಲ. ಘಟ್ಟದ ಬುಡದಲ್ಲಿರೋರಿಗೆ ಅದು ದಂಡ, ಎಎಂ ಅಥವಾ ಎಂಡಬ್ಲ್ಯು ಅಂತ ಬರೆದಿದೆಯಾ ನೋಡಿ, ಸೆಲ್ ಹಾಕೋ ಜಾಗ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.

ಈ ವರ್ಷದ ಸುಲಿತಕ್ಕೆ ನಮ್ಮಲ್ಲಿ ಆಗಿರೋ ರಾಜಿ ಹೀಗಿದೆ. ವಾರ್ತೆ ಟೈಮಿಗೆ ರೇಡಿಯೋ, ಮಿಕ್ಕ ಹೊತ್ತು ಸುಲಿಯೋರು ಕೇಳಿದ ಹಾಡು, ಚುನಾವಣೆ ಎಣಿಕೆ ದಿನ ಮಾತ್ರ ಟಿವಿ ಲೈವ್. ಎಣಿಕೆ ದಿನ ಭಾವನ ಮಾತಿಗೆ ಎದುರಾಡೋಕೆ ಆಗಲ್ಲ, ಕ್ಷೇತ್ರವಾರು ಲೀಡು ನಿಮಿಷ ನಿಮಿಷಕ್ಕೆ ಬದಲಾಗ್ತಾ ಇರುತ್ತೆ, 7:35ರ ವಾರ್ತೆವರೆಗೆ ಕಾಯೋ ತಾಳ್ಮೆ ನಂಗೂ ಇಲ್ಲ.