ದಾನಿಯ ನೆರವಿನಿಂದ ಹುಟ್ಟಿದ ಮಗುವಿಗೆ ಆ ವಿಷಯ ಹೇಳುವ ಬಗೆ: ಮೈಸೂರಿನ ಒಂದು ಕೌನ್ಸೆಲಿಂಗ್ ಸೇವೆಯ ವಿಮರ್ಶೆ

ಮೈಸೂರಿನ ಐವಿಎಫ್ ಕೇಂದ್ರವೊಂದು ದಾನಿಯ ವೀರ್ಯ ಅಥವಾ ಅಂಡಾಣು ಪಡೆಯುವ ದಂಪತಿಗಳಿಗೆ ಎರಡು ಸಿಟ್ಟಿಂಗ್ ಕೌನ್ಸೆಲಿಂಗ್ ಕೊಡುತ್ತದೆ. ಮೊದಲನೆಯದು ಚಿಕಿತ್ಸೆಗೆ ಮುಂಚೆ, ಪ್ಯಾಕೇಜಿನಲ್ಲೇ ಸೇರಿದೆ. ಎರಡನೆಯದು ಮಗು ಹುಟ್ಟಿದ ಮೇಲೆ, ಬೇಕೆಂದವರಿಗೆ ಮಾತ್ರ, 1,200 ರೂಪಾಯಿ. ಮೊದಲನೆಯದನ್ನು ಎಲ್ಲರೂ ಮುಗಿಸುತ್ತಾರೆ. ಎರಡನೆಯದಕ್ಕೆ ಬರುವವರು ಕಡಿಮೆ. ಕೊಟ್ಟ ದುಡ್ಡಿಗೆ ಹುರುಳಿರುವುದು ಆ ಎರಡನೆಯದರಲ್ಲೇ.

ಕೌನ್ಸೆಲಿಂಗ್ ಒದಗಿಸುವುದು 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ಕೇಂದ್ರದ ಹೊಣೆ. ಆದರೆ ಮೊದಲ ಸಿಟ್ಟಿಂಗಿನ ಮುಕ್ಕಾಲು ಪಾಲು ಯಶಸ್ಸಿನ ಸಾಧ್ಯತೆ, ಖರ್ಚು, ಒಪ್ಪಿಗೆ ಪತ್ರಗಳಿಗೆ ಸಹಿ, ಇಷ್ಟರಲ್ಲೇ ಕಳೆದುಹೋಗುತ್ತದೆ. ಮಗುವಿಗೆ ಹೇಳಬೇಕೋ ಬೇಡವೋ ಎಂಬ ಮಾತು ಕೊನೆಗೆ ಬಂದು, 'ಅದು ನಿಮ್ಮಿಷ್ಟ' ಎಂಬಲ್ಲಿಗೆ ನಿಲ್ಲುತ್ತದೆ. ದಿನ ಗೊತ್ತುಮಾಡುವ ರೀತಿಯೂ ಸರಿಯಿಲ್ಲ. ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಸೊನ್ನೆ ಎಂದು ಬಂದ ವಾರದಲ್ಲೇ ಕರೆದು ಕೂರಿಸಿದರೆ ಗಂಡನ ತಲೆಗೆ ಏನೂ ಇಳಿಯುವುದಿಲ್ಲ. ಒಂದು ತಿಂಗಳು ಬಿಟ್ಟು ದಿನ ಕೊಡಿ ಎಂದು ಕೇಳಿದರೆ ಕೊಡುತ್ತಾರೆ, ಆದರೆ ಕೇಳಬೇಕು.

ಇನ್ನೊಂದು ಕೊರತೆ, ಬಾಗಿಲಿನದು. ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯಿಂದ ಬರುವವರ ಜೊತೆ ಅತ್ತೆಯೋ ನಾದಿನಿಯೋ ಇದ್ದೇ ಇರುತ್ತಾರೆ. ಅವರನ್ನು ಹೊರಗೆ ಕೂರಿಸುವ ರೂಢಿ ಇಲ್ಲಿಲ್ಲ. ಮೂರನೆಯವರು ಒಳಗೆ ಕೂತರೆ ವಿಷಯ ಗಂಡ ಹೆಂಡತಿಯ ಕೈ ಬಿಟ್ಟಿತೆಂದೇ ಲೆಕ್ಕ. ಮನೆಯ ಹಿರಿಯರಿಗೆ ಗೊತ್ತಿದ್ದು ಮಗುವಿಗೆ ಗೊತ್ತಿಲ್ಲದಿದ್ದರೆ, ಎಂದೋ ಒಂದು ದಿನ ಪಾಲಿನ ಜಗಳದಲ್ಲಿ ಬೇರೆಯವರ ಬಾಯಿಂದ ಅದು ಹೊರಬೀಳುತ್ತದೆ.

ಪಾಲಿನ ವಿಷಯವನ್ನು ಮಾತ್ರ ಕೌನ್ಸೆಲರ್ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಹೀಗೆ ಹುಟ್ಟಿದ ಮಗು ಆ ದಂಪತಿಯ ಸ್ವಂತ ಮಗುವೆಂದೇ ಪರಿಗಣನೆ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ. ದಾಯಾದಿಗಳು ಗದ್ದೆಗೆ ತಕರಾರು ತೆಗೆದಾರೆಂಬ ಭಯಕ್ಕೇ ಬಾಯಿ ಮುಚ್ಚಿಕೊಂಡವರು ಇದನ್ನು ಕೇಳಲೇಬೇಕು.

ಹೇಳದೆ ಬಿಟ್ಟದ್ದೂ ಒಂದಿದೆ, ಸಣ್ಣದಲ್ಲ. ಕೇಂದ್ರ ಕಡತಗಳನ್ನು ಇಟ್ಟುಕೊಳ್ಳಬೇಕಾದ್ದು ಕನಿಷ್ಠ 10 ವರ್ಷ. ಆಮೇಲೆ ಅವು ಇಂಥ ಕೇಂದ್ರಗಳ ದಾಖಲೆಯಿಡುವ ರಾಷ್ಟ್ರೀಯ ರಿಜಿಸ್ಟ್ರಿಗೆ ಹೋಗುತ್ತವೆ. ಮಗು ಪಿಯುಸಿಗೆ ಬಂದು ಪ್ರಶ್ನೆ ಕೇಳುವ ಹೊತ್ತಿಗೆ ಕೇಂದ್ರದ ಕಪಾಟಿನಲ್ಲಿ ಏನೂ ಇಲ್ಲದಿರಬಹುದು. ಆದ್ದರಿಂದ ಒಪ್ಪಿಗೆ ಪತ್ರದ ನಕಲು, ಚಿಕಿತ್ಸೆಯ ಸಾರಾಂಶ, ಕೇಂದ್ರದ ನೋಂದಣಿ ಸಂಖ್ಯೆ, ದಾನಿಯ ಹೆಸರಿಲ್ಲದ ವಿವರ (ವಯಸ್ಸು, ರಕ್ತದ ಗುಂಪು, ಎತ್ತರ, ಓದು) ಇಷ್ಟನ್ನೂ ಆಗಲೇ ಕೇಳಿ ಪಡೆದು, ಜಮೀನಿನ ಪತ್ರಗಳ ಜೊತೆಗೇ ಇಡಿ.

ಇನ್ನು ಎರಡನೆಯ ಸಿಟ್ಟಿಂಗ್. ಒಂದೂವರೆ ಗಂಟೆ, ಗಂಡ ಹೆಂಡತಿ ಇಬ್ಬರೇ. ಇಲ್ಲಿ ಉಪದೇಶವಿಲ್ಲ, ಬಾಯಿಪಾಠ ಇದೆ. ನಾಲ್ಕು ವರ್ಷದ ಮಗುವಿಗೆ ಹೇಳುವ ಮಾತನ್ನು ಇಬ್ಬರಿಂದಲೂ ಜೋರಾಗಿ ಹೇಳಿಸುತ್ತಾರೆ: 'ಪಾಪು ಆಗೋಕೆ ಅಮ್ಮನ ಹತ್ರ ಇರೋ ಪುಟ್ಟ ಮೊಟ್ಟೆ ಬೇಕು, ಅಪ್ಪನ ಹತ್ರ ಇರೋ ಪುಟ್ಟ ಬೀಜ ಬೇಕು ಕಂದ. ಅಪ್ಪನ ಹತ್ರ ಬೀಜ ಇರ್ಲಿಲ್ಲ. ಡಾಕ್ಟರನ್ನ ಕೇಳಿದ್ವಿ, ಇನ್ಯಾರೋ ಒಬ್ರು ಕೊಟ್ಟಿದ್ರು. ಆಮೇಲೆ ನೀನು ಅಮ್ಮನ ಹೊಟ್ಟೇಲಿ ಬೆಳೆದೆ.' ಅಷ್ಟೇ. ಮೊದಲ ಸಲ ಅಪ್ಪಂದಿರ ಗಂಟಲು ಕಟ್ಟುವುದು ಮಾಮೂಲು. ಆ ತಡವರಿಕೆ ಮಗುವಿನ ಮುಂದೆ ಆಗದಿರಲಿ ಎಂದೇ ಈ ಅಭ್ಯಾಸ. ಮಗು ಇನ್ನೂ ತೊಟ್ಟಿಲಲ್ಲಿರುವಾಗ, ಎಣ್ಣೆ ಹಚ್ಚಿ ನೀರು ಹಾಕುವಾಗ ಹೇಳಿಕೊಂಡೇ ಬನ್ನಿ ಎಂಬ ಸಲಹೆಯೂ ಅದಕ್ಕೇ.

ಬಳಸಬಾರದ ಮಾತುಗಳ ಪಟ್ಟಿ ಇನ್ನೂ ಚೆನ್ನಾಗಿದೆ. 'ನಿನ್ನ ಇನ್ನೊಬ್ಬ ಅಪ್ಪ' ಬೇಡ. 'ಬೀಜ ಕೊಟ್ಟ ಅಂಕಲ್' ಕೂಡ ಬೇಡ, ಮಗು ಬೀದಿಯಲ್ಲಿ ಆ ಅಂಕಲನ್ನು ಹುಡುಕಲು ಶುರುಮಾಡುತ್ತದೆ. 'ಚಾಮುಂಡಿ ತಾಯಿ ಕೊಟ್ಟಳು' ಎಂದರೆ ಸುಳ್ಳಲ್ಲದಿರಬಹುದು, ಆದರೆ ಹೇಳಿದಂತೆಯೂ ಆಗುವುದಿಲ್ಲ. 'ಯಾರಿಗೂ ಹೇಳ್ಬೇಡ' ಎಂದರಂತೂ ಇದೇನೋ ನಾಚಿಕೆಯ ವಿಷಯವೆಂದು ಮಗುವಿಗೆ ಆ ಕ್ಷಣವೇ ತಿಳಿಯುತ್ತದೆ. ಬದಲಿಗೆ, 'ಇದು ನಮ್ಮನೆ ವಿಷಯ, ಬೇರೆಯವರ ಹತ್ರ ಮಾತಾಡ್ಬೇಕು ಅನ್ಸಿದ್ರೆ ನಮ್ಮ ಹತ್ರ ಮೊದ್ಲು ಹೇಳು.' ಹೀಗಂದರೂ ಅಂಗನವಾಡಿಯಲ್ಲಿ ಬಾಯಿಬಿಡುವ ಮಕ್ಕಳಿದ್ದಾರೆ. ಹೇಳುವ ಮುಂಚೆ ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿರಬೇಕು.

ಬೇಗ ಹೇಳುವುದಕ್ಕೆ ಆಧಾರವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕಿ ಸೂಸನ್ ಗೊಲೊಂಬೊಕ್ ಮತ್ತವರ ತಂಡ ಬೇರೆಯವರ ನೆರವಿನಿಂದ ಮಕ್ಕಳಾದ ಬ್ರಿಟನ್ನಿನ ಕುಟುಂಬಗಳನ್ನು ಮಕ್ಕಳಿಗೆ 20 ವರ್ಷವಾಗುವವರೆಗೆ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದೊಳಗೆ ತಿಳಿದ ಮಕ್ಕಳ ಮನೆಗಳಲ್ಲಿ ತಾಯಿ ಮಕ್ಕಳ ಸಂಬಂಧ ಹೆಚ್ಚು ಚೆನ್ನಾಗಿತ್ತು. ನಮ್ಮ ಕಡೆ ಗುಟ್ಟು ಒಡೆಯುವ ದಾರಿಗಳೂ ಬೇಕಾದಷ್ಟಿವೆ. ಶಾಲೆಯ ಐಡಿ ಕಾರ್ಡಿನಲ್ಲೇ ರಕ್ತದ ಗುಂಪು ಇರುತ್ತದೆ. ಅಪ್ಪ ಅಮ್ಮ ಇಬ್ಬರೂ ಓ, ಮಗ ಬಿ ಎಂದಾದರೆ, ಹಾಗಾಗದೆಂದು ಕಲಿಸುವ ಪಿಯುಸಿ ಜೀವಶಾಸ್ತ್ರದ ಅನುವಂಶೀಯತೆಯ ಪಾಠ ಬರುವವರೆಗೆ ಮಾತ್ರ ನೆಮ್ಮದಿ. ಎಂಜಲು ಕಳಿಸಿ ಮಾಡಿಸುವ ಡಿಎನ್‌ಎ ಪರೀಕ್ಷೆ ಬೇರೆ ಇದೆ. ಡಾಕ್ಟರ ಪ್ರಶ್ನೆಯೂ ಅಷ್ಟೇ: 'ಅಪ್ಪನಿಗೆ ಶುಗರ್ ಇದೆಯಾ, ಹಾರ್ಟ್ ತೊಂದ್ರೆ ಇದೆಯಾ?' ದಾನಿಯ ವೀರ್ಯದ ಮಗುವಿಗೆ ಸಾಕಿದ ಅಪ್ಪನ ಕಾಯಿಲೆ ಬರೆಸಿದರೆ ಡಾಕ್ಟರ ಲೆಕ್ಕವೇ ತಪ್ಪುತ್ತದೆ.

ಮಗುವಿಗೆ ಆಗಲೇ ಹದಿಮೂರು ಹದಿನಾಲ್ಕಾಗಿದ್ದರೆ? ಕೌನ್ಸೆಲರ್ ಕೊಡುವ ಕ್ರಮ ಒಪ್ಪುವಂಥದ್ದು. ಬೇಸಿಗೆ ರಜೆಯ ಆರಂಭದಲ್ಲಿ, ಇಬ್ಬರೂ ಕೂತು, ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಹಬ್ಬದ ದಿನ, ಹುಟ್ಟುಹಬ್ಬ, ಪರೀಕ್ಷೆಯ ಹಿಂದುಮುಂದು, ಜಗಳದ ನಡುವೆ, ಇವು ಯಾವುವೂ ಆಗವು. ಸಿಟ್ಟು ಬಂದೇ ಬರುತ್ತದೆ, ಅದೂ ದಾನಿಯ ಮೇಲಲ್ಲ, ಇಷ್ಟು ವರ್ಷ ಮುಚ್ಚಿಟ್ಟವರ ಮೇಲೆ. ಅಲ್ಲಿ ಸಮರ್ಥನೆಗೆ ಇಳಿಯದೆ, 'ಮೊದಲೇ ಹೇಳ್ಬೇಕಿತ್ತು' ಎಂದು ಸುಮ್ಮನಿರುವುದನ್ನು ಕಲಿಸುತ್ತಾರೆ.

ಕೈಗೆ ಕೊಡುವ ಕೈಪಿಡಿಯ ಕೊನೆಯ ಪುಟ ಮಾತ್ರ ಹರಿದು ಹಾಕುವಂತಿದೆ. ಮಗುವಿಗೆ 18 ತುಂಬಿದಾಗ ದಾನಿಯ ಗುರುತು ಕೇಳಿ ತಿಳಿಯಬಹುದು ಎಂದು ಅದರಲ್ಲಿದೆ. ಅದು ಬ್ರಿಟನ್ನಿನ ನಿಯಮ, 2005ರ ಏಪ್ರಿಲ್‌ನಿಂದ ಅಲ್ಲಿನ ದಾನಿಗಳಿಗೆ ಅನ್ವಯಿಸುವುದು. ಇಲ್ಲಿ ದಾನಿಯ ಹೆಸರು ದಂಪತಿಗೂ ಸಿಗುವುದಿಲ್ಲ. 'ಅವರು ಯಾರು?' ಎಂದು ಮಗು ಕೇಳಿದರೆ 'ನಮಗೂ ಗೊತ್ತಿಲ್ಲ, ಗೊತ್ತಿರೋದು ಇಷ್ಟು' ಎಂದು ಆ ವಿವರದ ಹಾಳೆ ತೋರಿಸುವುದೇ ನಿಜವಾದ ಉತ್ತರ. ಕೈಪಿಡಿ ಈ ಮಾತನ್ನು ಎಲ್ಲೂ ಹೇಳುವುದಿಲ್ಲ.

ಎರಡನೆಯ ಸಿಟ್ಟಿಂಗ್ ವಿಡಿಯೊ ಕಾಲ್‌ನಲ್ಲೂ ಸಿಗುತ್ತದೆ. ತುಂಬಿದ ಮನೆಯವರು ಮಾತ್ರ ಮೈಸೂರಿಗೇ ಬಂದು ಹೋಗುವುದು ಮೇಲು. ಮಗುವಿಗೆ ಎರಡು ವರ್ಷವಾಗುವ ಮುಂಚೆ ಬಂದರೆ ಮಾತು ರೂಢಿಯಾಗಲು ಸಮಯ ಸಿಗುತ್ತದೆ.